ಕೆಸರೆಯ ಮಿಲಿಟರಿ ಗಾಡಿಗೆ ಉಸಿರು ಕಟ್ಟಿದಾಗ

ಮೈಸೂರು ನೋಡೋಕೆ ಬಂದವರು ಅರಮನೆ ನೋಡ್ತಾರೆ, ಝೂ ನೋಡ್ತಾರೆ, ಬೆಟ್ಟಕ್ಕೆ ಹೋಗ್ತಾರೆ, ಸಂಜೆ ಬೃಂದಾವನದಲ್ಲಿ ಕಾರಂಜಿ ನೋಡಿ ಬಸ್ ಹತ್ತುತ್ತಾರೆ. ಕೆಸರೆಗೆ ಯಾರೂ ಬರಲ್ಲ. ವಿಜಯದಶಮಿ ದಿನ ಜಂಬೂಸವಾರಿ ಕೂಡ ಅರಮನೆಯಿಂದ ಹೊರಟು ಬನ್ನಿಮಂಟಪಕ್ಕೆ ಬಂದು ನಿಂತುಬಿಡುತ್ತೆ. ಅಲ್ಲಿಂದ ಪೂರ್ವಕ್ಕೆ ಇನ್ನೂ ಸ್ವಲ್ಪ ದೂರ ಬಂದರೆ ನಮ್ಮ ಏರಿಯಾ.

ಬೆಂಗಳೂರಿನ ಆಫೀಸಿನಲ್ಲಿ "ಮೈಸೂರಲ್ಲಿ ಎಲ್ಲಿ?" ಅಂತ ಕೇಳಿದವರಿಗೆ "ಕೆಸರೆ" ಅಂದರೆ "ಕೆಸರಾ?" ಅಂತ ನಗ್ತಾರೆ. ಮಳೆಗಾಲದಲ್ಲಿ ನಮ್ಮ ಬೀದಿ ನೋಡಿದ್ದರೆ ಆ ಜೋಕ್ ಮಾಡೋಕೂ ಹೋಗ್ತಿರಲಿಲ್ಲ. ಒಂದನೇ ಹಂತ, ಎರಡನೇ ಹಂತ, ಮೂರನೇ ಹಂತ ಅಂತ ಬೆಳೆದುಕೊಂಡು ಹೋದ ಬಡಾವಣೆ ಇದು. ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಒಂದು ಇರೋದೂ ನಮ್ಮ ಕಡೆಯೇ. ವೆಲ್ಡಿಂಗ್ ಅಂಗಡಿ, ಪಂಚರ್ ಅಂಗಡಿ, ಗುಜರಿ ಅಂಗಡಿ, ಮನೆ ಮುಂದೆ ಬಿಚ್ಚಿಟ್ಟ ಆಟೋ ಎಂಜಿನ್. ನಮ್ಮ ಬೀದಿಯಲ್ಲಿ ಏನಾದರೂ ಕೆಟ್ಟರೆ ಎಸೆಯೋಕೆ ಮುಂಚೆ ಒಂದು ಸಲ ಬಿಚ್ಚಿ ನೋಡೋದು ವಾಡಿಕೆ.

ಆ ಬೀದಿಯಲ್ಲಿ, ಹೊಂಗೆ ಮರದ ಕೆಳಗೆ, ಇಪ್ಪತ್ತೈದು ವರ್ಷಕ್ಕೂ ಮೇಲಿಂದ ನಿಲ್ಲುತ್ತಾ ಬಂದಿರುವ ಒಂದು ಹಸಿರು ಗಾಡಿಯ ಕತೆ ಇದು. ಅದಕ್ಕಿಂತ ಹೆಚ್ಚಾಗಿ, ಅದರ ಬಗ್ಗೆ ನಾನು ಮಾಡಿದ ಒಂದು ತಪ್ಪಿನ ಕತೆ.

ಶಾಮಿಯಾನ ಹೊತ್ತ ಯೋಧ

ಗಾಡಿಯ ಹೆಸರು ನಿಸ್ಸಾನ್ ಒನ್ ಟನ್. ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಸೇನೆಗೆಂದೇ ತಯಾರಾದದ್ದು. ಆ ಕಾರ್ಖಾನೆ ಶುರುವಾಗಿದ್ದು 1969ರಲ್ಲಿ. ನಿಮಗೆ ಇದರ ತಮ್ಮ ಜೋಂಗಾ ಗೊತ್ತಿರಬಹುದು. 2019ರಲ್ಲಿ ಧೋನಿ ರಾಂಚಿಯಲ್ಲಿ ಓಡಿಸಿದ ಫೋಟೋ ಎಲ್ಲರ ಫೋನಿಗೂ ಬಂದಿತ್ತಲ್ಲ, ಅದೇ. ಎರಡಕ್ಕೂ ಜಪಾನಿನ ನಿಸ್ಸಾನ್ ವಿನ್ಯಾಸವೇ ಮೂಲ. ಆರು ಸಿಲಿಂಡರ್, ಹೆಚ್ಚುಕಡಿಮೆ ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇರೋದು ಕಾರ್ಬೊರೇಟರ್, ಪಾಯಿಂಟು, ಕಂಡೆನ್ಸರ್, ಕಾಯಿಲ್. ಮೈಲೇಜ್ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಅವತ್ತು ನಮ್ಮನೇಲಿ ಹಬ್ಬ.

ಸೇನೆ ಸೇವೆಯಿಂದ ತೆಗೆದ ಇಂಥ ಗಾಡಿಗಳನ್ನು ಹರಾಜು ಹಾಕುತ್ತೆ. ಈಗ ಅದೂ ಆನ್‌ಲೈನ್. ನಮ್ಮ ಕಡೆ ಇವಕ್ಕೆ 'ಡಿಸ್ಪೋಸಲ್ ಗಾಡಿ' ಅಂತಲೇ ಹೆಸರು. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳಲ್ಲಿ ಇಂಥವು ಬಹಳ ದುಡಿದಿವೆ. ಅಪ್ಪ 1998ರಲ್ಲಿ ಕೊಡಗಿನ ಒಂದು ಕಾಫಿ ತೋಟದಿಂದ ಇದನ್ನು ತಂದರು. ಆಗ ಅವರದ್ದು ಪುಟ್ಟ ಶಾಮಿಯಾನ ಅಂಗಡಿ. ಕಂಬ, ಜಮಖಾನ, ಕಬ್ಬಿಣದ ಕುರ್ಚಿ, ಐವತ್ತು ಸೇರು ಅನ್ನ ಬೇಯಿಸೋ ಕೊಳದಪ್ಪಲೆ, ಎಲ್ಲವನ್ನೂ ಈ ಗಾಡಿಯೇ ಹೊತ್ತಿತು. ರಾಜೇಂದ್ರನಗರ, ಗಾಂಧಿನಗರ, ಎನ್.ಆರ್. ಮೊಹಲ್ಲಾ, ಎಲ್ಲ ಹತ್ತಿರ ಹತ್ತಿರದ ಓಡಾಟ, ಹಾಗಾಗಿ ಪೆಟ್ರೋಲ್ ಖರ್ಚು ಹೇಗೋ ಸರಿದೂಗ್ತಿತ್ತು. ನನ್ನ ಶಾಲೆ ಫೀಸಿನ ಬಹುಪಾಲು ಇದೇ ಗಾಡಿ ದುಡಿದ ದುಡ್ಡು. 2005ರಲ್ಲಿ ಟಾಟಾ ಏಸ್ ಬಂತು. ಒಂದೆರಡು ವರ್ಷ ನೋಡಿ ಅಪ್ಪನೂ ಒಂದು 'ಛೋಟಾ ಹಾಥಿ' ತಗೊಂಡರು. ಹಳೆಯದನ್ನು ಮಾತ್ರ ಮಾರಲಿಲ್ಲ.

ಮುಂದಿನ ಬಂಪರಿನ ಬಣ್ಣ ಎದ್ದ ಕಡೆ, ಕೆಳಗಿನ ಪದರದಲ್ಲಿ ಮೇಲ್ಮುಖದ ಒಂದು ಬಾಣದ ಗುರುತು ಕಾಣುತ್ತೆ. ಸೇನೆಯ ವಾಹನದ ನಂಬರ್ ಶುರುವಾಗೋದೇ ಆ ಬಾಣದಿಂದ. ಅದರ ಪಕ್ಕದ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. ನಮ್ಮದು 80ರ ದಶಕದ್ದು. ಚಿಕ್ಕವನಿದ್ದಾಗ ಆ ಬಾಣದ ಮೇಲೆ ಬೆರಳಿಟ್ಟು, ಈ ಗಾಡಿ ಯಾವ ಗಡಿಯಲ್ಲಿ ಇತ್ತೋ ಅಂತ ಕತೆ ಕಟ್ಟುತ್ತಿದ್ದೆ.

ಈಗ ಅಪ್ಪನಿಗೆ 66. ಅಂಗಡಿ ನಿಲ್ಲಿಸಿ ನಾಲ್ಕು ವರ್ಷ ಆಯ್ತು. ಭಾನುವಾರ ಬೆಳಗ್ಗೆ ಗಾಡಿ ತೆಗೆದು ಒಂದು ಸುತ್ತು ಹೋಗಿ ಬರೋದು, ಆಯುಧಪೂಜೆಗೆ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯೋದು. ಅಷ್ಟೇ ಅದರ ಕೆಲಸ.

ಫೌಂಟನ್ ಸರ್ಕಲ್‌ನಲ್ಲಿ

ಕಳೆದ ಮಾರ್ಚ್‌ನಲ್ಲಿ ಗಾಡಿ ನಿಲ್ಲೋಕೆ ಶುರುವಾಯ್ತು. ಸ್ಟಾರ್ಟ್ ಚೆನ್ನಾಗೇ ಆಗುತ್ತೆ, ಚೆನ್ನಾಗೇ ಓಡುತ್ತೆ. ಸ್ವಲ್ಪ ದೂರ ಹೋದ ಮೇಲೆ ಎಳೆತ ಕಮ್ಮಿಯಾಗಿ, ಎರಡು ಸಲ ಜಗ್ಗಿ, ನಿಂತೇಹೋಗುತ್ತೆ. ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್!

ಒಂದು ದಿನ ಅಮ್ಮನನ್ನು ಕೂರಿಸಿಕೊಂಡು ದೇವರಾಜ ಮಾರುಕಟ್ಟೆಗೆ ಹೊರಟಿದ್ದಾಗ ಫೌಂಟನ್ ಸರ್ಕಲ್ ನಡುಮಧ್ಯದಲ್ಲೇ ನಿಂತುಬಿಡ್ತು. ಹಿಂದೆ ಸಿಟಿ ಬಸ್ಸು, ಆಟೋ, ಎಲ್ಲರದ್ದೂ ಹಾರ್ನು. ಯಾರೋ ಹುಡುಗ ಬೈಕ್ ಪಕ್ಕಕ್ಕೆ ತಂದು, "ಯಾಕ್ ತಾತ, ಈ ವಯಸ್ಸಲ್ಲಿ ಲಾರಿ ಬೇಕಾ?" ಅಂದನಂತೆ. ನಾಲ್ಕು ಜನ ಸೇರಿ ಪಕ್ಕಕ್ಕೆ ತಳ್ಳಿದರಂತೆ. ಅಪ್ಪ ಇದನ್ನೆಲ್ಲ ನನಗೆ ಹೇಳಲೇ ಇಲ್ಲ. ಅಮ್ಮ ಹೇಳಿದಳು.

ರಾತ್ರಿ ನಾನು ಫೋನ್ ಮಾಡಿದೆ. ಆಗ ನಾನು ಹೇಳಿದ ಮಾತು ಈಗಲೂ ನೆನಪಿದೆ. "ಅಪ್ಪ, ಗಾಡಿಗೂ ವಯಸ್ಸಾಯ್ತು, ನಿಮಗೂ ವಯಸ್ಸಾಯ್ತು. ಬಿಟ್ಟುಬಿಡಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಏನೋ ಉಸಿರು ಕಟ್ಟಿದ ಹಾಗೆ ಆಗುತ್ತೆ ಕಣೋ ಅದಕ್ಕೆ" ಅಂದರು. ನಾನು ಆ ಮಾತಿಗೆ ಗಮನವನ್ನೇ ಕೊಡಲಿಲ್ಲ. ಮೀಟಿಂಗ್ ಇತ್ತು.

ಏಪ್ರಿಲ್ ಎರಡನೇ ವಾರ ಅಮ್ಮನ ಫೋನ್ ಬಂತು. ಅಪ್ಪ ಗುಜರಿಯವರಿಗೆ ಹೇಳಿಕಳಿಸಿದ್ದಾರೆ, ಸೋಮವಾರ ಬಂದು ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಹೋಗ್ತಾರೆ ಅಂತ. "ಗಾಡಿ ಹೋದ್ರೆ ಹೋಗ್ಲಿ. ಆದ್ರೆ ನಿಮ್ಮಪ್ಪ ಮೂರು ವಾರದಿಂದ ಭಾನುವಾರ ಮನೆಯಿಂದ ಆಚೆಗೇ ಹೋಗಿಲ್ಲ" ಅಂದಳು. ಶುಕ್ರವಾರ ರಾತ್ರಿಯೇ ಬಸ್ ಹತ್ತಿದೆ.

ಶನಿವಾರ: ನಾನು ಕಂಡುಹಿಡಿದ 'ಕಾರಣ'

ಏಳು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೀನಿ. ಬಗ್ ಹುಡುಕೋದೇ ನನ್ನ ಹೊಟ್ಟೆಪಾಡು. ಬಸ್ಸಿನಲ್ಲಿ ಬರ್ತಾ ಫೋನಿನಲ್ಲೇ ಓದಿ, ಮಂಡ್ಯ ದಾಟೋ ಹೊತ್ತಿಗೆ ಕಾರಣ ಪತ್ತೆ ಮಾಡಿಬಿಟ್ಟಿದ್ದೆ: ವೇಪರ್ ಲಾಕ್.

ವಿಷಯ ಏನಂದ್ರೆ, ಹಳೆ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಇರೋದು ಎಂಜಿನ್ ಪಕ್ಕದಲ್ಲಿ. ನಮ್ಮ ಮೆಕ್ಯಾನಿಕ್‌ಗಳು ಅದಕ್ಕೆ 'ಎ.ಸಿ. ಪಂಪ್' ಅಂತಾರೆ. ಏರ್ ಕಂಡೀಷನರ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದು ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರಬೇಕು. ಎಂಜಿನ್ ಶಾಖಕ್ಕೆ ಪೈಪಿನೊಳಗಿನ ಪೆಟ್ರೋಲ್ ಆವಿಯಾದರೆ ಪಂಪ್ ಬರೀ ಆವಿಯನ್ನೇ ಹಿಂದೆಮುಂದೆ ತಳ್ಳುತ್ತಾ ಕೂರುತ್ತೆ, ಕಾರ್ಬೊರೇಟರ್ ಒಣಗಿ ಎಂಜಿನ್ ನಿಲ್ಲುತ್ತೆ. ತಣ್ಣಗಾದ ಮೇಲೆ ಎಲ್ಲ ಸರಿ. ಏಪ್ರಿಲ್ ಬಿಸಿಲು, ಇಪ್ಪತ್ತು ನಿಮಿಷ ಬಿಟ್ಟರೆ ಸ್ಟಾರ್ಟ್, ಎಲ್ಲವೂ ತಾಳೆ ಆಗ್ತಿದೆಯಲ್ಲ!

ಜತೆಗೆ ಎಥನಾಲ್. ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದೇ ಬೆಂಗಳೂರಿನಲ್ಲಿ, 2023ರ ಫೆಬ್ರವರಿ 6ರಂದು. ಹಳೆ ಗಾಡಿಗಳ ರಬ್ಬರ್ ಪೈಪು, ಡಯಾಫ್ರಾಮ್‌ಗಳು ಈ ಪೆಟ್ರೋಲ್‌ಗೆಂದು ಮಾಡಿದವಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತೆ, ಟ್ಯಾಂಕಿನ ತಳದ ಹಳೆ ಕೊಳೆಯನ್ನೂ ಎಬ್ಬಿಸುತ್ತೆ. ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳ ಕತ್ತಲು. ಓಹೋ, ಶತ್ರು ಇಲ್ಲೇ ಬೆಳೀತಿದ್ದಾನೆ ಅಂದುಕೊಂಡೆ.

ಶನಿವಾರ ಬೆಳಗ್ಗೆ ಕೆಲಸ ಶುರು. ಪೆಟ್ರೋಲ್ ಪೈಪಿಗೆ ಶಾಖ ತಡೆಯೋ ಪಟ್ಟಿ ಸುತ್ತಿದೆ. ಫಿಲ್ಟರ್ ಬದಲಿಸಿದೆ. ಕಾಯಿಲ್ ಬಿಸಿಯಾದರೂ ಹೀಗಾಗುತ್ತೆ ಅಂತ ಓದಿದ್ದರಿಂದ ಹೊಸ ಕಾಯಿಲನ್ನೂ ಹಾಕಿದೆ. ಅಪ್ಪ ಮೋಟುಗೋಡೆ ಮೇಲೆ ಕೂತು ನೋಡ್ತಿದ್ದರು. ಸ್ಪ್ಯಾನರ್ ಕೇಳಿದರೆ ಕೊಡ್ತಿದ್ದರು. ಮಾತಿಲ್ಲ.

ಮಧ್ಯಾಹ್ನ ಹೊರಟೆವು. ರಾಜೇಂದ್ರನಗರ ದಾಟಿ ಒಂದು ಸುತ್ತು ಹಾಕೋದರೊಳಗೆ ನಿಂತಿತು. ನಾನು ಸೋಲಲಿಲ್ಲ. ಬಾನೆಟ್ ತೆಗೆದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದೆ. ಟೀ ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಬಂದು ಸೆಲ್ಫ್ ಹೊಡೆದರೆ ಸ್ಟಾರ್ಟ್! "ನೋಡಿದ್ರಾ? ಒದ್ದೆ ಬಟ್ಟೆ ಹಾಕಿದ್ದಕ್ಕೇ ಸರಿಹೋಯ್ತು. ವೇಪರ್ ಲಾಕೇ!" ಅಂದೆ. ಅಪ್ಪ, "ಬಟ್ಟೆ ಹಾಕದೆ ಇದ್ದಾಗಲೂ ಇಪ್ಪತ್ತು ನಿಮಿಷಕ್ಕೇ ಸ್ಟಾರ್ಟ್ ಆಗ್ತಿತ್ತು" ಅಂತ ಮೆಲ್ಲಗೆ ಹೇಳಿದರು.

ಆಫೀಸಿನಲ್ಲಿ ಜೂನಿಯರ್ ಹುಡುಗರಿಗೆ ನಾನೇ ಬೈದು ಹೇಳೋ ಮಾತು ಇದು: ಒಂದೇ ಸಲಕ್ಕೆ ಮೂರು ಬದಲಾವಣೆ ಮಾಡಬೇಡಿ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಅದನ್ನೇ ಮರೆತು ಕೂತಿದ್ದೆ.

ಭಾನುವಾರ: ತಣ್ಣಗಿನ ಬೆಳಗಿನಲ್ಲಿ

ಶನಿವಾರ ಸಂಜೆ ಟ್ಯಾಂಕ್ ತುಂಬಿಸಿದೆವು. ಭಾನುವಾರ ಬೆಳಗ್ಗೆ ಐದೂವರೆಗೆ, ಬಿಸಿಲೇ ಇಲ್ಲದ ಹೊತ್ತಿನಲ್ಲಿ ಓಡಿಸಿ ನೋಡೋಣ ಅಂತ ನಿರ್ಧಾರ. ಶಾಖವೇ ಕಾರಣವಾಗಿದ್ದರೆ ಈಗ ನಿಲ್ಲಬಾರದು.

ಬೆಳಗಿನ ಕೆಸರೆ ಬೇರೆಯೇ ಊರು. ಹಾಲಿನ ಟ್ರೇ ಇಳಿಸೋ ಸದ್ದು, ಮಸೀದಿಯ ಮೈಕು, ಅದರ ಹಿಂದೆಯೇ ಯಾವುದೋ ದೇವಸ್ಥಾನದ ಗಂಟೆ. ಬಾಗಿಲಿಗೆ ನೀರು ಹಾಕ್ತಿದ್ದ ಹೆಂಗಸರು ಗಾಡಿ ಸದ್ದು ಕೇಳಿ ತಲೆಯೆತ್ತಿ, "ಓ, ಮಿಲಿಟರಿ ಹೊರಡ್ತು" ಅಂದರು. ರಿಂಗ್ ರೋಡಿಗೆ ಬಿದ್ದೆವು. ಮೈಗೆ ತಣ್ಣನೆ ಗಾಳಿ. ಎಂಜಿನ್ನಿನ ಶಾಖದ ಮುಳ್ಳು ಅರ್ಧವನ್ನೂ ಮುಟ್ಟಿರಲಿಲ್ಲ.

ಸರಿಯಾಗಿ ಎಂಟು ಕಿಲೋಮೀಟರಿಗೆ ನಿಂತಿತು. ನಿನ್ನೆಗಿಂತ ಬೇಗ!

ಈ ಸಲ ಕಾಯದೆ, ತಕ್ಷಣ ನೋಡಿದೆ. ಎಂಜಿನ್ ಓಡೋಕೆ ಬೇಕಾದ್ದು ಮೂರು: ಗಾಳಿ, ಪೆಟ್ರೋಲ್, ಕಿಡಿ. ಒಂದು ಪ್ಲಗ್ ವೈರಿಗೆ ಬೇರೆ ಪ್ಲಗ್ ಸಿಕ್ಕಿಸಿ, ಪೆಟ್ರೋಲಿನಿಂದ ದೂರಕ್ಕೆ ಬ್ಲಾಕಿಗೆ ತಾಗಿಸಿಟ್ಟು ಅಪ್ಪನಿಗೆ ಸೆಲ್ಫ್ ಹೊಡೆಯೋಕೆ ಹೇಳಿದೆ. ಚಟ್ ಚಟ್ ಅಂತ ನೀಲಿ ಕಿಡಿ. ಕಿಡಿಗೆ ತೊಂದರೆ ಇಲ್ಲ. ಏರ್ ಕ್ಲೀನರ್ ತೆಗೆದು ಆಕ್ಸಿಲರೇಟರ್ ಲಿವರ್ ಒತ್ತಿದೆ. ಕಾರ್ಬೊರೇಟರ್ ಬಾಯೊಳಗೆ ಪೆಟ್ರೋಲ್ ಚಿಮ್ಮಬೇಕಿತ್ತು, ಒಂದು ಹನಿಯೂ ಇಲ್ಲ. ಟ್ಯಾಂಕ್ ತುಂಬಾ ಪೆಟ್ರೋಲ್, ಕಾರ್ಬೊರೇಟರ್ ಮಾತ್ರ ಒಣ. ಪಂಪ್ ಮುಟ್ಟಿದರೆ ಬೆಚ್ಚಗೆ ಅಷ್ಟೇ. ನನ್ನ ವೇಪರ್ ಲಾಕ್ ಸಿದ್ಧಾಂತ ಅಲ್ಲೇ ರಿಂಗ್ ರೋಡ್ ಪಕ್ಕ ಮಣ್ಣಾಯಿತು.

ಆಗ ನೆನಪಾಯ್ತು. ಕಿಡಿ ಹೋದರೆ ಎಂಜಿನ್ ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ನಿಲ್ಲುತ್ತೆ. ಪೆಟ್ರೋಲ್ ಸಿಗದೆ ಇದ್ದರೆ ಎಳೆತ ಕಳೆದುಕೊಂಡು, ಜಗ್ಗಿ ಜಗ್ಗಿ ನಿಲ್ಲುತ್ತೆ. "ಉಸಿರು ಕಟ್ಟಿದ ಹಾಗೆ" ಅಂತ ಅಪ್ಪ ಮೊದಲ ದಿನವೇ ಹೇಳಿದ್ದರು. ಅದು ಬರೀ ಉಪಮೆಯಲ್ಲ, ಸರಿಯಾದ ವರದಿ. ಅದನ್ನು ಕೇಳಿಸಿಕೊಂಡಿದ್ದರೆ ಹೊಸ ಕಾಯಿಲ್ ದುಡ್ಡಾದರೂ ಉಳೀತಿತ್ತು.

ಕಾದು, ಸ್ಟಾರ್ಟ್ ಮಾಡಿ, ವಾಪಸ್ ಬಂದು ಬೀದಿ ತುದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ, "ಪ್ರತಿ ಸಲ ಎಷ್ಟು ದೂರಕ್ಕೆ ನಿಂತಿತು ಅಂತ ನೆನಪಿದ್ಯಾ ಅಪ್ಪ?" ಅಂದೆ. ಅವರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಮುಂದಿಟ್ಟರು. ಶಾಮಿಯಾನ ಅಂಗಡಿ ಕಾಲದ ಅಭ್ಯಾಸ. ಪೆಟ್ರೋಲ್ ಹಾಕಿಸಿದ ದಿನ, ಲೀಟರ್, ಮೀಟರ್ ರೀಡಿಂಗ್, ರಿಪೇರಿ ಖರ್ಚು, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಮಾರ್ಚ್‌ನಿಂದ ಮುಂದಕ್ಕೆ ಅಲ್ಲಲ್ಲಿ 'ನಿಂತಿತು' ಅಂತ ಒಂದೇ ಪದ, ಪಕ್ಕದಲ್ಲಿ ಮೀಟರ್ ಅಂಕಿ.

ಲೆಕ್ಕ ಹಾಕಿ ನೋಡಿದೆ. ಟ್ಯಾಂಕ್ ತುಂಬಿಸಿದ ದಿನ ಎಂಟೊಂಬತ್ತು ಕಿಲೋಮೀಟರಿಗೇ ನಿಂತಿದೆ. ಅರ್ಧ ಟ್ಯಾಂಕ್ ಇದ್ದ ದಿನ ಇಪ್ಪತ್ತು ದಾಟಿದೆ. ಪೆಟ್ರೋಲ್ ಜಾಸ್ತಿ ಇದ್ದಷ್ಟೂ ಬೇಗ ನಿಲ್ಲುತ್ತೆ! ಇದೆಂಥಾ ವಿಚಿತ್ರ?

ಚಾಚಾ ಕೇಳಿದ ಒಂದು ಪ್ರಶ್ನೆ

ನಮ್ಮ ಬೀದಿಯಿಂದ ಎರಡು ತಿರುವು ಆಚೆ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಚಾಚಾ. ಜಾವಾ ಬೈಕುಗಳ ಮೇಲೆ ಕೈ ಪಳಗಿಸಿಕೊಂಡವರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರಿನಲ್ಲಿ ಆ ಬೈಕುಗಳು ಇನ್ನೂ ಓಡ್ತಿರೋದು ಇಂಥವರಿಂದಲೇ. ಈಗ ಕಣ್ಣು ಅಷ್ಟಾಗಿ ಕಾಣಲ್ಲ, ಅಂಗಡಿ ನೋಡಿಕೊಳ್ಳೋದು ಮಗ. ಚಾಚಾ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರ್ತಾರೆ.

ನಾನು ಎಲ್ಲ ಹೇಳಿ, ಪುಸ್ತಕದ ಲೆಕ್ಕವನ್ನೂ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಕೊನೆಗೆ ಅಪ್ಪನ ಕಡೆ ತಿರುಗಿ, "ಅಣ್ಣಾ, ಇದು ಶುರುವಾಗೋಕೆ ಮುಂಚೆ ಗಾಡಿಗೆ ಏನ್ ಹೊಸದು ಹಾಕಿಸಿದ್ರಿ?" ಅಂದರು.

"ಏನೂ ಇಲ್ಲ ಭಾಯ್" ಅಂದರು ಅಪ್ಪ.

ನಾನು ಪುಸ್ತಕದ ಪುಟ ಹಿಂದಕ್ಕೆ ತಿರುವಿದೆ. ಮೊದಲ 'ನಿಂತಿತು'ಗಿಂತ ಆರು ದಿನ ಹಿಂದೆ ಒಂದು ಸಾಲು: 'ಬೀಗದ ಮುಚ್ಚಳ - 350'.

ಅಪ್ಪ ತಲೆ ಮೇಲೆ ಕೈ ಇಟ್ಟುಕೊಂಡರು. ಫೆಬ್ರವರಿಯಲ್ಲಿ ಯಾರೋ ಎರಡು ಸಲ ರಾತ್ರಿ ಪೆಟ್ರೋಲ್ ಕದ್ದಿದ್ದರು. ಅದಕ್ಕೆ ಹಳೇ ಮುಚ್ಚಳ ತೆಗೆದು, ಬೀಗ ಇರೋ ಹೊಸ ಮುಚ್ಚಳ ಹಾಕಿಸಿದ್ದರು. ಟ್ಯಾಂಕಿನ ಮುಚ್ಚಳಕ್ಕೂ ಎಂಜಿನ್ ನಿಲ್ಲೋದಕ್ಕೂ ಸಂಬಂಧ ಇರಬಹುದು ಅಂತ ಅವರಿಗೆ ಹೊಳೆದಿರಲೇ ಇಲ್ಲ. ಎರಡು ಡಿಗ್ರಿ ಕಡಿಮೆ ಜ್ವರ ಬಂದರೂ ಗೂಗಲ್ ಮಾಡೋ ನನಗೂ ಹೊಳೆದಿರಲಿಲ್ಲ ಅನ್ನಿ.

"ಹೋಗಿ ಓಡಿಸ್ಕೊಂಡು ಬನ್ನಿ" ಅಂದರು ಚಾಚಾ. "ನಿಂತ ತಕ್ಷಣ ಬಾನೆಟ್ ಮುಟ್ಟಬೇಡಿ. ಮುಚ್ಚಳ ತೆಗೀರಿ. ಉಸ್ ಅಂತ ಗಾಳಿ ಒಳಗೆ ಹೋದ್ರೆ ಅದೇ ಕಾಯಿಲೆ. ಬೀಡಿಗೀಡಿ ಹತ್ತಿರ ಇರಬಾರದು, ಹುಷಾರು."

ಹೋದೆವು. ನಿಂತಿತು. ಅಪ್ಪ ಇಳಿದು ಬೀಗ ತಿರುಗಿಸಿದರು.

ಉಸ್ಸ್...

ನಾನು ಡ್ರೈವರ್ ಸೀಟಿನಲ್ಲಿದ್ದೆ. ಆ ಸದ್ದು ಅಲ್ಲಿಗೂ ಕೇಳಿಸಿತು. ಅಪ್ಪ ಮುಚ್ಚಳ ಕೈಯಲ್ಲಿ ಹಿಡಿದು ನಿಂತೇ ಇದ್ದರು. ನಾನು ಸೆಲ್ಫ್ ಹೊಡೆದೆ. ಇಪ್ಪತ್ತು ನಿಮಿಷ ಅಲ್ಲ, ಎರಡು ನಿಮಿಷವೂ ಆಗಿರಲಿಲ್ಲ. ನಾಲ್ಕೈದು ಸಲ ತಿರುಗಿ ಎಂಜಿನ್ ಗುಡುಗಿತು.

ಎಣ್ಣೆ ಡಬ್ಬದ ಎರಡು ತೂತು

ಮನೆಗೆ ಬಂದು ಅಮ್ಮನಿಗೆ ವಿವರಿಸೋಕೆ ಹೊರಟೆ. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು, ಅದಕ್ಕೇ ಹಳೇ ಮುಚ್ಚಳದಲ್ಲಿ ಒಂದು ಸಣ್ಣ ದಾರಿ ಇತ್ತು, ಹೊಸದರಲ್ಲಿ ಇರಲಿಲ್ಲ, ಒಳಗೆ ಒತ್ತಡ ಇಳಿದು... ಅಷ್ಟರಲ್ಲಿ ಅಮ್ಮ, "ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರುತ್ತೇನೋ? ಎರಡು ಮಾಡಬೇಕು. ಇದಕ್ಕೆ ಇಂಜಿನಿಯರಿಂಗ್ ಬೇಕಾ?" ಅಂದಳು.

ಬೇಕಿರಲಿಲ್ಲ. ಆದರೂ ಉಳಿದ ಒಗಟುಗಳು ಒಂದೊಂದಾಗಿ ಬಿಡಿಸಿಕೊಂಡವು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಇರೋ ಜಾಗ ಬಹಳ ಕಡಿಮೆ. ಅದರಿಂದ ಎರಡು ಲೀಟರ್ ಹೀರಿದರೂ ಒತ್ತಡ ಬೇಗ ಇಳಿದು, ಪಂಪ್ ಎಳೆದರೂ ಪೆಟ್ರೋಲ್ ಬರಲ್ಲ. ನಮ್ಮ ಮೈಲೇಜಿಗೆ ಎರಡು ಲೀಟರ್ ಅಂದರೆ ಎಂಟು ಕಿಲೋಮೀಟರ್! ಅರ್ಧ ಟ್ಯಾಂಕಿನಲ್ಲಿ ಗಾಳಿ ಜಾಸ್ತಿ ಇರೋದರಿಂದ ಅದೇ ಸ್ಥಿತಿಗೆ ಬರೋಕೆ ಹೆಚ್ಚು ದೂರ ಬೇಕು. ಇನ್ನು, ಆ ಇಪ್ಪತ್ತು ನಿಮಿಷದಲ್ಲಿ ಎಂಜಿನ್ ತಣ್ಣಗಾಗ್ತಿತ್ತು, ನಿಜ. ಅದೇ ಹೊತ್ತಿನಲ್ಲಿ ಮುಚ್ಚಳದ ಸಂದಿಯಿಂದ ನಿಧಾನಕ್ಕೆ ಗಾಳಿಯೂ ಒಳಗೆ ನುಸುಳ್ತಿತ್ತು. ಸರಿಹೋಗ್ತಿದ್ದದ್ದು ಗಾಳಿಯಿಂದ, ಹೆಸರು ಸಿಕ್ಕಿದ್ದು ತಣ್ಣಗಾದದ್ದಕ್ಕೆ. 'ಕಾಯೋದು' ಅನ್ನೋ ಒಂದೇ ಮದ್ದಿಗೆ ಎರಡು ಕಾಯಿಲೆ ವಾಸಿಯಾದರೆ, ಯಾವ ಕಾಯಿಲೆ ಇತ್ತು ಅನ್ನೋದು ಗೊತ್ತಾಗೋದೇ ಇಲ್ಲ.

ನಿಮ್ಮನೇಲೂ ಹಳೇ ಪೆಟ್ರೋಲ್ ಗಾಡಿ ಇದ್ದು ಹೀಗೆ ಮಾಡ್ತಿದ್ದರೆ, ದುಡ್ಡು ಬೀಳದ ಈ ಪರೀಕ್ಷೆಗಳನ್ನು ಮೊದಲು ಮಾಡಿ. ಟಪ್ ಅಂತ ನಿಂತಿತೋ, ಜಗ್ಗಿ ನಿಂತಿತೋ ನೆನಪಿಡಿ. ನಿಂತ ಕೂಡಲೇ ಕಿಡಿ ಇದೆಯಾ, ಕಾರ್ಬೊರೇಟರಿಗೆ ಪೆಟ್ರೋಲ್ ಬರ್ತಿದೆಯಾ ನೋಡಿ. ಮುಚ್ಚಳ ತೆಗೆದಾಗ ಸದ್ದು ಬರುತ್ತಾ ಕೇಳಿ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯೋಕೆ ಹೋಗಬೇಡಿ, ಮಳೆನೀರು, ದೂಳು ಒಳಗೆ ಹೋಗುತ್ತೆ, ಪೆಟ್ರೋಲ್ ತುಳುಕುತ್ತೆ. ಗಾಳಿ ಒಳಗೆ ಬಿಡೋ ಕವಾಟ ಇರುವ ಮುಚ್ಚಳವೇ ಸಿಗುತ್ತೆ. ಚಾಚಾ ಅಂಗಡಿಯ ಡಬ್ಬದಲ್ಲೇ ನಮಗೆ ಅಂಥದೊಂದು ಸಿಕ್ತು. ಬೀಗವೂ ಇದೆ, ಉಸಿರೂ ಆಡುತ್ತೆ. ಎಥನಾಲ್ ಬಗ್ಗೆ ನಾನು ಓದಿದ್ದೂ ಪೂರ್ತಿ ವ್ಯರ್ಥವಾಗಲಿಲ್ಲ. ಪಂಪಿನ ಹತ್ತಿರದ ರಬ್ಬರ್ ಪೈಪ್ ಹಿಸುಕಿದರೆ ಮೆತ್ತಗೆ ಅಂಟಂಟಾಗಿತ್ತು. ಅದನ್ನೂ ಎಥನಾಲ್ ತಡೆಯೋ ಪೈಪಿಗೆ ಬದಲಿಸಿದೆವು.

ಕಾವೇರಿವರೆಗೆ

ಸಂಜೆ ನಾಲ್ಕಕ್ಕೆ ಮತ್ತೆ ಟ್ಯಾಂಕ್ ತುಂಬಿಸಿದೆವು. ನಾನು ಕೀ ಚಾಚಿದೆ. "ನೀನೇ ಓಡಿಸು, ನಂಗೆ..." ಅಂತ ಅಪ್ಪ ತಡವರಿಸಿದರು. ನಾನು ಮಾತಾಡದೆ ಎಡಗಡೆ ಸೀಟಿನಲ್ಲಿ ಹೋಗಿ ಕೂತೆ. ಅಮ್ಮ ಚುರುಮುರಿ ಕಟ್ಟಿಕೊಂಡು ನಡುವೆ ಕೂತಳು.

ಬೆಂಗಳೂರು ರಸ್ತೆ ಹಿಡಿದು ಸಿದ್ದಲಿಂಗಪುರ ದಾಟಿದೆವು. ಎಂಟನೇ ಕಿಲೋಮೀಟರ್ ಹತ್ತಿರ ಬಂದಾಗ ಮೂವರೂ ಮಾತು ನಿಲ್ಲಿಸಿದ್ದು ನನಗೆ ಗೊತ್ತಾಯ್ತು. ಅಪ್ಪನ ಎಡಗೈ ಗೇರ್ ಮೇಲೆಯೇ ಇತ್ತು. ಒಂಬತ್ತು. ಹತ್ತು. ಎಂಜಿನ್ ಒಂದೇ ಸಮನೆ ಹಾಡ್ತಿತ್ತು. ನಗುವನಹಳ್ಳಿ ಬಳಿ ಪಯಣ ಮ್ಯೂಸಿಯಂ ಕಂಡಿತು. ಹಳೇ ಕಾರುಗಳನ್ನು ಮಿರಮಿರ ಮಿಂಚೋ ಹಾಗೆ ನಿಲ್ಲಿಸಿರೋ ಜಾಗ. "ಇದನ್ನೂ ಅಲ್ಲಿ ಬಿಟ್ಟುಬಿಡೋಣ್ವಾ?" ಅಂತ ಅಮ್ಮ ರೇಗಿಸಿದಳು. "ವಿಂಟೇಜ್ ಅಂತ ನೋಂದಣಿ ಮಾಡಿಸಬೇಕಾದ್ರೂ 50 ವರ್ಷ ದಾಟಿರಬೇಕು ಅಂತ 2021ರಲ್ಲೇ ರೂಲ್ ಬಂದಿದೆ. ಇದಿನ್ನೂ ಚಿಕ್ಕದು" ಅಂದೆ ನಾನು. ಅಪ್ಪ ಮೂರು ವಾರದಲ್ಲಿ ಮೊದಲ ಸಲ ಜೋರಾಗಿ ನಕ್ಕರು.

ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ಕಾಣೋ ಕಡೆ ಗಾಡಿ ನಿಲ್ಲಿಸಿದೆವು. 1804ರ ಕಲ್ಲಿನ ಸೇತುವೆ, ಕೆಳಗೆ ಬೇಸಿಗೆಯ ತೆಳ್ಳನೆ ಕಾವೇರಿ. ಅಪ್ಪ ಬಾನೆಟ್ ಮೇಲೆ ಕೈಯಿಟ್ಟುಕೊಂಡು ನೀರು ನೋಡ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಕಳ್ಳ ಬರ್ತಾನೆ ಅಂತ ನಾನೇ ಬೀಗ ಹಾಕಿ ಅದರ ಉಸಿರು ಕಟ್ಟಿಸಿದ್ದೆ ನೋಡು" ಅಂದರು.

"ನಾನೂ ತಪ್ಪು ಹೇಳಿದ್ದೆ ಅಪ್ಪ" ಅಂದೆ. "ವಯಸ್ಸಾಯ್ತು ಅಂತ."

"ವಯಸ್ಸು ಆಗಿದೆಯಲ್ಲಪ್ಪ, ಅದೇನು ಸುಳ್ಳಾ?"

ಸುಳ್ಳಲ್ಲ. ಆದರೆ ಅದು ಕಾರಣವೂ ಆಗಿರಲಿಲ್ಲ. ಗಾಡಿ ನಿಂತಾಗ, ಅಪ್ಪನಿಗೆ ಮಂಡಿ ನೋವು ಬಂದಾಗ, ಅಮ್ಮ ಏನನ್ನೋ ಮರೆತಾಗ, ನಾವು ಮೊದಲು ಹೇಳೋ ಮಾತು ಅದೇ. ಹೇಳಿದ ಮೇಲೆ ಹುಡುಕೋ ಕೆಲಸ ಉಳಿಯಲ್ಲ, ಸುಲಭ. ಆಫೀಸಿನಲ್ಲಿ ಯಾರಾದರೂ ಬಗ್ ರಿಪೋರ್ಟಿಗೆ 'ಹಳೇ ಕೋಡ್, ಅದು ಹಾಗೇ' ಅಂತ ಉತ್ತರ ಬರೆದರೆ ನಾನು ವಾಪಸ್ ಕಳಿಸ್ತೀನಿ. ಅಪ್ಪನಿಗೆ ಮಾತ್ರ ಅದೇ ಉತ್ತರ ಬರೆದು ಕ್ಲೋಸ್ ಮಾಡಿದ್ದೆ. ಊರಿಗೆ ಹೋಗುವ ಮುನ್ನ ಅವರ ಮಂಡಿಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸೋಣ ಅಂದೆ. ಬೇಡ ಅನ್ನಲಿಲ್ಲ.

ವಾಪಸ್ ಬರುವಾಗ ಕತ್ತಲಾಗಿತ್ತು. ಫೌಂಟನ್ ಸರ್ಕಲ್ ಮೇಲೆಯೇ ಹೋಗೋಣ ಅಂದವರು ಅಪ್ಪನೇ. ನಮ್ಮ ದಾರಿಗೆ ಅದು ಬೇಕೇ ಇರಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕೂಡ ಎಂಜಿನ್ ತೂಕಡಿಸಲಿಲ್ಲ.

ಸೋಮವಾರ ಬೆಳಗ್ಗೆ ನಾನು ಮನೆಯಿಂದಲೇ ಲಾಗಿನ್ ಆಗಿ ಕೂತಿದ್ದೆ. ಗುಜರಿಯವರು ಲಾರಿ ಸಮೇತ ಬಂದರು, ಜತೆಗೆ ಇಬ್ಬರು ಹುಡುಗರು, ಗ್ಯಾಸ್ ಕಟರ್. ಕಿಟಕಿಯಿಂದ ಅಪ್ಪನ ಮಾತು ಕೇಳಿಸ್ತು.

"ಬನ್ನಿ ಬನ್ನಿ, ಟೀ ಕುಡೀರಿ ಮೊದಲು. ನಿಮ್ಮ ಹತ್ರ ಇದಕ್ಕೆ ಆಗೋ ಹಳೇ ವೈಪರ್ ಮೋಟಾರ್ ಏನಾದ್ರೂ ಇದ್ಯಾ? ಮಳೆಗಾಲ ಬಂತು ನೋಡಿ."